ಕೆಂಪು ನೀರಿನ ವಂಶಾವಳಿ

ಕೊಲ್ಲಿಯ ನೀರು ಕೆಂಪಾದ ಮೇಲೆ ಊರಲ್ಲಿ ಬಾಯಿದ್ದವರೆಲ್ಲ ವಿಜ್ಞಾನಿಗಳಾದರು. ಕ್ಷೌರದಂಗಡಿಯವನು ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚಿ, ಹಚ್ಚಿದ್ದನ್ನೇ ಮರೆತು, ಇದು ಬಣ್ಣದ ಕಾರ್ಖಾನೆಯವರ ಕಿತಾಪತಿ ಎಂದು ವಾದಕ್ಕೆ ನಿಂತ. ನೊರೆ ಒಣಗಿ ಬಿರುಕು ಬಿಟ್ಟು ಗಿರಾಕಿಯ ಮುಖ ಬತ್ತಿದ ಕೆರೆಯ ತಳದಂತಾಯಿತು, ವಾದ ಮಾತ್ರ ಬತ್ತಲಿಲ್ಲ. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಜೊತೆ ಒಂದೊಂದು ಕಾರಣವನ್ನೂ ಹರಿದು ಕೊಡುತ್ತಿದ್ದ. ಆದರೆ ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: "ಪಾಚಿಯಮ್ಮ ಏನಂತಾರೆ ನೋಡೋಣ."

ಪಾಚಿಯಮ್ಮ ಎಂದರೆ ಕೊಲ್ಲಿಯ ಬಾಯಲ್ಲಿ, ಬಂಡೆಯ ನೆತ್ತಿಯ ಮೇಲೆ ಕೂತಿದ್ದ ಕಡಲ ಸಂಶೋಧನಾ ಸಂಸ್ಥೆಯ ಪ್ರೊಫೆಸರು. ವಿಷಪಾಚಿಯ ವಿಷಯದಲ್ಲಿ ಅವಳಷ್ಟು ತಿಳಿದವರು ಮೂರು ಲೋಕದಲ್ಲಿ ಇರಲಿಲ್ಲ. ನಾಲ್ಕನೆಯ ಲೋಕವಿದ್ದರೆ ಅಲ್ಲಿಯೂ ಅವಳ ಶಿಷ್ಯರೇ ಪಾಠ ಮಾಡುತ್ತಿದ್ದಿರಬೇಕು. ಪದವಿಯ ಮೌಖಿಕ ಪರೀಕ್ಷೆಯಲ್ಲಿ ಅವಳು ಪಾಚಿಯ ವಿಷ ನರಗಳನ್ನು ಹೇಗೆ ಹಿಡಿಯುತ್ತದೆ ಎಂದು ವಿವರಿಸಿದ್ದು ಕೇಳಿ ಪರೀಕ್ಷಕರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮೆಲ್ಲಗೆ ಆಚೆ ಸರಿಸಿದ್ದರು. ಅವರಲ್ಲಿ ಒಬ್ಬರು ಆಮೇಲೆ ಬದುಕಿರುವವರೆಗೂ ಮೀನಂಗಡಿಯ ಬೀದಿಯಲ್ಲಿ ನಡೆಯಲಿಲ್ಲವಂತೆ.

ಅವಳ ಭಾಗ್ಯ ತೆರೆದದ್ದು ದೂರದ ಕಡಲಿನಲ್ಲಿ. ಸಂಶೋಧನಾ ಹಡಗು ಹತ್ತಿದ ಮೊದಲ ತಿಂಗಳು ಅವಳು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಡಲಿಗೆ ಕೊಟ್ಟಳು. ಕಡಲು ಅದಕ್ಕೆ ಪ್ರತಿಯಾಗಿ ಅವಳಿಗೆ ಒಂದು ಪಾಚಿ ಕೊಟ್ಟಿತು. ಕೂದಲಿಗಿಂತ ತೆಳುವಾದ ಗಾಜಿನ ಕೊಳವೆಯಿಂದ, ಹಡಗು ಉಯ್ಯಾಲೆಯಾಡುತ್ತಿರುವಾಗಲೇ, ಒಂದೇ ಒಂದು ಕಣವನ್ನು ಹೀರಿ ತೆಗೆದಿದ್ದಳು. ಬೆರಳುದ್ದದ ಶೀಶೆಯಲ್ಲಿ ಅದನ್ನು ಹಾಕಿ, ಚಳಿ ತಾಗದಂತೆ ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ತಂದಳು. ಹೆಸರು ಪುಟ್ಟಿ. ಶಾಸ್ತ್ರೀಯ ಹೆಸರು ಬೇರೆ ಇತ್ತು, ಅದನ್ನು ಹೇಳಹೊರಟರೆ ನಾಲಿಗೆಗೆ ಉಳುಕು ಬರುತ್ತಿತ್ತು.

ಆ ಒಂದು ಕಣ ಎರಡಾಯಿತು, ಎರಡು ನಾಲ್ಕಾಯಿತು, ಫ್ಲಾಸ್ಕು ತುಂಬಿತು. ಹಳೆಯ ಫ್ಲಾಸ್ಕಿನಿಂದ ಒಂದು ಹನಿ ತೆಗೆದು ಹೊಸ ಫ್ಲಾಸ್ಕಿಗೆ ಬಿಡುವುದು, ಹಳೆಯದನ್ನು ಬ್ಲೀಚ್ ಹಾಕಿ ಸಾಯಿಸಿ ಸಿಂಕಿಗೆ ಚೆಲ್ಲುವುದು; ಹೀಗೇ ಮೂವತ್ತು ವರ್ಷ ನಡೆಯಿತು. ಪುಟ್ಟಿಯ ಬೆನ್ನೇರಿ ಪಾಚಿಯಮ್ಮ ಉಪನ್ಯಾಸಕಿಯಾದಳು, ಪ್ರೊಫೆಸರಾದಳು, ಪ್ರೊಫೆಸರುಗಳನ್ನು ಹೆರುವ ಪ್ರೊಫೆಸರಾದಳು. ಅವಳ ಎಲ್ಲಕ್ಕಿಂತ ದೊಡ್ಡ ಪೇಪರು ಪುಟ್ಟಿಯ ನಿದ್ದೆಯ ಮೇಲಿನದು. ಹೊಟ್ಟೆಗಿಲ್ಲದಾಗ ಈ ಪಾಚಿ ಮುದುರಿಕೊಂಡು ದಪ್ಪ ಕಂಬಳಿ ಹೊದ್ದು ತಳಕ್ಕಿಳಿದು ಮಲಗುತ್ತದೆ. ಆ ಮಲಗಿದ ಕಣಗಳನ್ನು ಪಾಚಿಯಮ್ಮ ಒಣಗಿಸಿದಳು, ಕೆಸರಲ್ಲಿ ಹೂತಳು, ಉಪ್ಪಿನಲ್ಲಿಟ್ಟಳು, ಬ್ಲೀಚಿನಲ್ಲಿ ಅದ್ದಿದಳು, ವರ್ಷಗಟ್ಟಲೆ ಕತ್ತಲಲ್ಲಿಟ್ಟಳು. ತೆಗೆದು ಬೆಚ್ಚಗಿನ ನೀರಿಗೆ ಬಿಟ್ಟರೆ ಕುಂಭಕರ್ಣನ ಸಂತಾನ ಆಕಳಿಸಿ ಎದ್ದು ಕೂರುತ್ತಿತ್ತು. ಆ ಪೇಪರು ಓದಿ ಭೂಮಂಡಲದ ಪಾಚಿ ಪಂಡಿತರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಕೆಲವರ ಬೆರಳು ಇನ್ನೂ ಅಲ್ಲೇ ಇದೆ.

ಇಂಥವಳ ಕಣ್ಣೆದುರಿನ ಕೊಲ್ಲಿಯೇ ಒಂದು ಬೆಳಗ್ಗೆ ಕೆಂಪಾಯಿತು. ಆ ವರ್ಷ ಕಡಲು ಹಿಂದೆಂದೂ ಇಲ್ಲದಷ್ಟು ಕಾದಿತ್ತು. ನೀರು ಕೆಂಪಾಗುವ ಹಿಂದಿನ ಸಂಜೆಯೇ ಅವಳ ಭಾವ ತನ್ನ ಹಗ್ಗಗಳಿಂದ ಕಪ್ಪೆಚಿಪ್ಪು ಬಿಡಿಸಿ ತಂದಿದ್ದ. ಕೊಲ್ಲಿಯಲ್ಲಿ ತೇಲುದೋಣಿಗಳಿಗೆ ಹಗ್ಗ ಇಳಿಬಿಟ್ಟು ಚಿಪ್ಪು ಸಾಕುವವರಲ್ಲಿ ಅವನೇ ಹಿರಿಯ. ಚಿಪ್ಪು ನೀರಿನ ಪಾಚಿ ತಿಂದು ಅದರ ವಿಷವನ್ನು ಒಡಲಲ್ಲೇ ಇಟ್ಟುಕೊಳ್ಳುತ್ತದೆ. ಮಾರುವ ಮೊದಲು ತಾನು ತಿಂದು ನೋಡುವುದು ಅವನ ಪದ್ಧತಿ. ತಿಂದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಗಾಜಿನಾಚೆ ಭಾವನಿಗೆ ಯಂತ್ರ ಉಸಿರಾಡಿಸುತ್ತಿತ್ತು. ಕಣ್ಣು ಮಾತ್ರ ತೆರೆದಿತ್ತು, ಬೇರೇನೂ ಅವನ ಮಾತು ಕೇಳುತ್ತಿರಲಿಲ್ಲ.

"ತುಟಿ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ರು ಕಣೇ," ಎಂದಳು ಅಕ್ಕ. "'ನನ್ನ ತುಟಿ ಎಲ್ಲೋ ಬಿದ್ದುಹೋಯ್ತು, ಹುಡುಕೇ' ಅಂದ್ರು. ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡು ನಕ್ಕೆ. ಅವರು ಕುಸಿದು ಬಿದ್ದ ಮೇಲೂ ಒಂದು ಗಳಿಗೆ ನಗ್ತಾನೇ ಇದ್ದೆ."

ಪಾಚಿಯಮ್ಮ ಅವಳ ಕೈ ಹಿಡಿದುಕೊಂಡಳು. "ಈ ವಿಷ ದೇಹದಿಂದ ತಾನಾಗೇ ಇಳಿದುಹೋಗುತ್ತೆ ಅಕ್ಕ. ಉಸಿರು ಒಂದನ್ನ ಯಂತ್ರ ಕಾಪಾಡಿದ್ರೆ ಸಾಕು. ಭಾವ ಏಳ್ತಾರೆ."

"ಎದ್ದೇ ಏಳ್ತಾರೆ, ನೀನಿದ್ದೀಯಲ್ಲ. ಆದ್ರೆ ಇದನ್ನ ನಮ್ಮ ಕೊಲ್ಲಿಗೆ ತಂದು ಹಾಕಿದ್ದು ಯಾರು? ಅಪ್ಪನ ಕಾಲದಲ್ಲಿ ಇರಲಿಲ್ಲ, ತಾತನ ಕಾಲದಲ್ಲಿ ಇರಲಿಲ್ಲ. ಆ ಮನುಷ್ಯ ಯಾರು ಅಂತ ನನಗೆ ಹುಡುಕಿಕೊಡು. ಅವನ ವಂಶದವರು ಕನಸಲ್ಲೂ ಬೆಚ್ಚಬೇಕು, ಹಾಗೆ ಮಾಡ್ತೀನಿ."

"ಹುಡುಕಿಕೊಡ್ತೀನಿ," ಎಂದಳು ಪಾಚಿಯಮ್ಮ.

ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದಂತೆಯೇ ಟಿವಿಯವರು ಮೈಕು ಚಾಚಿದರು. ಮೊದಲು ಪರೀಕ್ಷೆ, ಆಮೇಲೆ ಮಾತು ಎಂದು ಶಿಷ್ಯರ ಕಿವಿ ಹಿಂಡಿದವಳು ಅಂದು ಮಾತನ್ನೇ ಮುಂದೆ ಕಳಿಸಿದಳು. "ಹಡಗುಗಳು! ದೂರದ ಕಡಲಲ್ಲಿ ತೂಕಕ್ಕೆ ಅಂತ ಹೊಟ್ಟೆಗೆ ನೀರು ತುಂಬ್ಕೊಂಡು ಬಂದು ನಮ್ಮ ಬಂದರಿನಲ್ಲಿ ಕಕ್ಕುತ್ತವಲ್ಲ, ಅವೇ. ಸಾಬೀತು ಮಾಡಿ ತೋರಿಸ್ತೀನಿ!" ಸಂಜೆಯೊಳಗೆ ಆ ಮಾತು ಮನೆಮನೆಗೆ ಹೊಕ್ಕಿತು. ಚಿಪ್ಪು ಸಾಕುವವರು ಹಡಗಿನ ಕಂಪನಿಯ ಮೇಲೆ ಕೇಸು ಹಾಕಿ ಪರಿಹಾರ ವಸೂಲು ಮಾಡಲು ಸಭೆ ಕರೆದರು. ಮುಖ್ಯ ಸಾಕ್ಷಿ ಪಾಚಿಯಮ್ಮ.

ಸಂಸ್ಥೆಯಲ್ಲಿ ಜೀನುಗಳನ್ನು ಓದುವ ಪ್ರಯೋಗಾಲಯ ಅವಳ ಸಹಪಾಠಿಯೊಬ್ಬನ ಕೈಯಲ್ಲಿತ್ತು. ಯಾವ ಜೀವಿ ಕೊಟ್ಟರೂ ಅದರ ಮುತ್ತಾತನ ಮುತ್ತಾತನವರೆಗೆ ಹೇಳುತ್ತಿದ್ದ ಅವನಿಗೆ ಎಲ್ಲರೂ ಇಟ್ಟ ಹೆಸರು ವಂಶಾವಳಿ. ಪಾಚಿಯಮ್ಮ ಕೊಲ್ಲಿಯ ಕೆಂಪು ನೀರನ್ನು ಅವನಿಗೆ ಕಳಿಸಿದ್ದಳು. ಸದಾ ಬಾಗಿಲು ಬಡಿಯದೆ ನುಗ್ಗಿ ಅವಳ ಕಾಫಿ ಕುಡಿದುಬಿಡುವವನು ಅಂದು ಬಾಗಿಲು ಬಡಿದ. ಕಾಫಿ ಎದುರಿಗೇ ಇತ್ತು, ಮುಟ್ಟಲಿಲ್ಲ.

"ಪುಟ್ಟಿ," ಎಂದ ಅವನು.

"ಯಾವ ಪುಟ್ಟಿ? ಪುಟ್ಟಿ ಥರದ್ದಾ?"

"ಥರದ್ದಲ್ಲ. ಪುಟ್ಟಿನೇ. ಫ್ಲಾಸ್ಕಲ್ಲಿ ಇಷ್ಟು ವರ್ಷ ಇದ್ದೂ ಇದ್ದೂ ಅವಳ ಜೀನಲ್ಲಿ ಒಂದು ಮಚ್ಚೆ ಹುಟ್ಟಿತ್ತಲ್ಲ, ಜಗತ್ತಿನ ಇನ್ಯಾವ ಕಡಲಲ್ಲೂ ಇಲ್ಲದ್ದು? ನಾವಿಬ್ರೂ ಸೇರಿ ಬರೆದ್ವಲ್ಲ ಅದರ ಮೇಲೆ? ಆ ಮಚ್ಚೆ ಈ ನೀರಲ್ಲಿದೆ."

ಪಾಚಿಯಮ್ಮನಿಗೆ ಕಾಲ ಕೆಳಗಿನ ನೆಲ ಹೋಗಿ, ಅದರ ಕೆಳಗಿನ ಬಂಡೆಯೂ ಹೋಗಿ, ಬರೀ ಕುರ್ಚಿ ಒಂದೇ ಗಾಳಿಯಲ್ಲಿ ನಿಂತಂತಾಯಿತು. ಆದರೆ ಮೂವತ್ತು ವರ್ಷ ಜಗಳವಾಡಿ ಪಳಗಿದ ಬಾಯಿ. "ನಿನ್ನ ಪಿಪೆಟ್ ತೊಳೆದು ಯಾವ ಕಾಲ ಆಯ್ತೋ!" ಎಂದು ಗರ್ಜಿಸಿದಳು. "ಹೋದ ವಾರ ನೀನು ಪುಟ್ಟಿಯ ಜೀನು ಓದಿದ್ದೆ, ಅದರ ಎಂಜಲೇ ಇದರೊಳಗೆ ಬಿದ್ದಿದೆ. ನಿನ್ನ ಪ್ರಯೋಗಾಲಯಕ್ಕಿಂತ ಬಸ್ ಸ್ಟ್ಯಾಂಡಿನ ಬಕೆಟ್ಟು ಚೊಕ್ಕಟವಾಗಿದೆ!"

ಬೇರೆ ದಿನವಾಗಿದ್ದರೆ ವಂಶಾವಳಿ ಅದಕ್ಕೆ ಸವಾಸೇರು ಕೊಡುತ್ತಿದ್ದ. "ನಾನೂ ಹಾಗೇ ಅಂದ್ಕೊಂಡೆ," ಎಂದ ಮೆಲ್ಲಗೆ. "ದೋಣಿ ಮಾಡ್ಕೊಂಡು ಹೋಗಿ ಹೊಸ ನೀರು ತಂದೆ. ನಮ್ಮ ಕಟ್ಟಡದೊಳಗೇ ತರಲಿಲ್ಲ, ಬೇರೆ ಊರಿನ ಲ್ಯಾಬಿಗೆ ಕಳಿಸಿದೆ. ಅವರಿಗೆ ಪುಟ್ಟಿ ಅಂದ್ರೆ ಯಾರು ಅಂತಾನೇ ಗೊತ್ತಿಲ್ಲ. ಅವರೂ ಅದೇ ಮಚ್ಚೆ ಕಂಡಿದ್ದಾರೆ."

"ಆದ್ರೆ ಹೊರಗೆ ಹೋಗೋಕೆ ದಾರಿನೇ ಇಲ್ವಲ್ಲೋ! ಬ್ಲೀಚ್ ಹಾಕದೆ ಒಂದು ಹನಿನೂ ಚೆಲ್ಲಲ್ಲ. ಮರೆತವರನ್ನ ಲ್ಯಾಬಿನಿಂದಾನೇ ಓಡಿಸಿದ್ದೀನಿ."

"ಗೊತ್ತು. ನನ್ನ ತಂಗಿ ಮಗನನ್ನೂ ನೀನು ಓಡಿಸಿದ್ದೆ."

ಅವಳು ಎದ್ದು ಪ್ರಯೋಗಾಲಯಕ್ಕೆ ನಡೆದಳು. ಅವನು ಹಿಂದೆ ಬಂದ. ಸಿಂಕಿನ ಪಕ್ಕ, ಅಂದು ಚೆಲ್ಲಬೇಕಿದ್ದ ಹಳೆಯ ಫ್ಲಾಸ್ಕು ಇತ್ತು. ನೀರು ತಿಳಿಯಾಗಿ, ತಳದಲ್ಲಿ ಕಂದು ಬಣ್ಣದ ನುಣ್ಣನೆಯ ಗಸಿ. ಇಂಥ ಎಷ್ಟು ಫ್ಲಾಸ್ಕುಗಳನ್ನು ಅವಳು ಚೆಲ್ಲಿದ್ದಳೋ, ಅವನ್ನೆಲ್ಲ ಸಾಲಾಗಿ ಇಟ್ಟರೆ ಚಂದ್ರನವರೆಗೆ ಹೋಗಿ ಅಲ್ಲಿಂದ ಹಿಂದಕ್ಕೂ ಬರುತ್ತಿದ್ದವು. ಫ್ಲಾಸ್ಕನ್ನು ಬೆಳಕಿಗೆ ಹಿಡಿದಳು. ಹೊಸ ಊಟ ಸಿಕ್ಕ ಕಣಗಳು ಹೊಸ ಫ್ಲಾಸ್ಕಿನಲ್ಲಿ ಕುಣಿಯುತ್ತವೆ. ಹಳೆಯದರಲ್ಲಿ ಉಳಿದದ್ದು ಹಸಿದವು. ಹಸಿದವು ಏನು ಮಾಡುತ್ತವೆ?

"ಮಲಗುತ್ತವೆ," ಎಂದಳು ಗಟ್ಟಿಯಾಗಿ.

ವಂಶಾವಳಿಗೆ ಅರ್ಥವಾಯಿತು. ಮಲಗಿದ ಪುಟ್ಟಿ ಬ್ಲೀಚಿಗೆ ಸಾಯುವುದಿಲ್ಲ ಎಂದು ಲೋಕಕ್ಕೆಲ್ಲ ಸಾರಿದ ಹೆಂಗಸು ದಿನಾ ಮಲಗಿದ ಪುಟ್ಟಿಗೆ ಬ್ಲೀಚು ಹಾಕಿ ಸತ್ತಳೆಂದು ಚೆಲ್ಲಿದ್ದಳು. ಬ್ಲೀಚಿನ ನಿಯಮ ಮಾಡಿದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ನಿದ್ದೆಯ ಪೇಪರು ಬರೆದದ್ದು ಎಷ್ಟೋ ವರ್ಷಗಳ ನಂತರ. ಪೇಪರು ಮೇಜಿನ ವಿಷಯ, ಸಿಂಕು ಕೈಯ ವಿಷಯ. ಎರಡರ ನಡುವೆ ನಾಲ್ಕು ಹೆಜ್ಜೆ ಇರಬಹುದು, ಅಷ್ಟು ದೂರ ನಡೆಯಲು ಅವಳ ಬುದ್ಧಿಗೆ ಇಷ್ಟು ವರ್ಷ ಪುರುಸೊತ್ತಾಗಿರಲಿಲ್ಲ.

"ಈ ಪೈಪು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು. ಕೇಳಬೇಕಾಗಿರಲಿಲ್ಲ. ಹಳೆಯ ಕಟ್ಟಡ, ಪೈಪು ಬಂಡೆಯ ಸಂದಿನಲ್ಲಿ ಇಳಿದು ನೇರ ಕಡಲಿಗೆ ಬೀಳುತ್ತಿತ್ತು.

ನೀರು ಇಳಿದ ಹೊತ್ತಿನಲ್ಲಿ ಇಬ್ಬರೂ ಬಂಡೆ ಹಿಡಿದುಕೊಂಡು ಕೆಳಗಿಳಿದರು. ಪಾಚಿಯಮ್ಮ ಪೈಪಿನ ಬಾಯಿಯ ಕೆಳಗಿನ ಕೆಸರನ್ನು ಚಮಚದಿಂದ ತೆಗೆದು ಶೀಶೆಗೆ ತುಂಬಿದಳು. ಮೇಲೆ ಬಂದು ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣ್ಣು ಹಾಕಿದಳು. ಮರಳ ಕಣಕ್ಕಿಂತ ಪುಟ್ಟಿಯರೇ ಹೆಚ್ಚಾಗಿದ್ದರು. ಕಂಬಳಿ ಹೊದ್ದವರು, ಕಂಬಳಿ ಹರಿದು ಎದ್ದುಹೋದವರು, ಈಗಷ್ಟೇ ಮಗ್ಗುಲು ಬದಲಿಸುತ್ತಿದ್ದವರು. ಈ ವರ್ಷದ ಕಾವು ಅವರನ್ನು ತಟ್ಟಿ ಎಬ್ಬಿಸಿತ್ತು.

"ಭಾವನ ತುಟಿ," ಎಂದಳು.

ವಂಶಾವಳಿ ಬಾಗಿಲು ಹಾಕಿ ಬಂದು ಕೂತ. "ನೋಡು, ನಾನು ಬಾಯಿ ಬಿಡಲ್ಲ. ಬೇರೆ ಊರಿನವರಿಗೆ ಇದು ಏನು ಅಂತ ಗೊತ್ತಿಲ್ಲ. ಹಡಗಿನವರಿಗೆ ವಿಮೆ ಇದೆ, ವಕೀಲರ ಹಿಂಡೇ ಇದೆ. ಅವರೇನು ಬೀದಿಗೆ ಬೀಳಲ್ಲ."

"ನಾನು ಬೀಳ್ತೀನಿ ಅಂತಾನಾ?"

"ನೀನು ಬಿದ್ರೆ ಬೀಳು, ನಿನ್ನ ಹಣೆಬರಹ. ಚಿಪ್ಪಿನವರ ಕಥೆ ಏನು? ಹಡಗಿನ ಕಂಪನಿ ಕೊಟ್ರೆ ಅವರ ಮನೆ ಒಲೆ ಉರಿಯುತ್ತೆ. ನೀನು ನಿಜ ಹೇಳಿದ ಮರುಗಳಿಗೆಗೇ ಆ ಕೇಸು ಬಿದ್ದುಹೋಗುತ್ತೆ. ನಿಮ್ಮಕ್ಕನ ಹೊಟ್ಟೆ ಮೇಲೆ ಎರಡು ಸಲ ಹೊಡೀತೀಯಾ?"

ಈ ಮಾತು ಅವಳನ್ನು ನಿಜವಾಗಿ ನೆಲಕ್ಕೆ ಕೆಡವಿತು. ತನ್ನ ಮಾನ ಉಳಿಸಿಕೊಳ್ಳಲು ಸುಳ್ಳು ಹೇಳುವುದು ಕಳ್ಳತನ, ಅದು ಅವಳಿಗೆ ಗೊತ್ತಿತ್ತು. ಅಕ್ಕನ ಒಲೆ ಉಳಿಸಲು ಹೇಳುವ ಸುಳ್ಳಿಗೆ ಏನೆನ್ನಬೇಕೆಂದು ಯಾವ ವಿಶ್ವವಿದ್ಯಾಲಯವೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಸಭೆ ಬಂದರಿನ ಹರಾಜು ಕಟ್ಟೆಯಲ್ಲಿ. ಸಾಸಿವೆ ಎಸೆದರೆ ನೆಲಕ್ಕೆ ಬೀಳದಷ್ಟು ಜನ. ಹಡಗಿನ ಕಂಪನಿಯ ಏಜೆಂಟು ಒಂದು ಮೂಲೆಯಲ್ಲಿ, ಪಕ್ಕದಲ್ಲಿ ಅವನ ವಕೀಲ. ಇಬ್ಬರ ಸುತ್ತ ಮಾತ್ರ ಯಾರೂ ನಿಲ್ಲದೆ ಜಾಗ ಖಾಲಿ. ಮುಂದಿನ ಸಾಲಿನಲ್ಲಿ ಅಕ್ಕ. ಭಾವನ ಉಸಿರು ಹಿಂದಿನ ದಿನವಷ್ಟೇ ಯಂತ್ರದಿಂದ ಅವನ ಕೈಗೇ ಬಂದಿತ್ತು, ಆ ಸಂತೋಷದಲ್ಲಿ ಅವಳು ಬಂದವರಿಗೆಲ್ಲ "ನಮ್ಮ ಚಿಕ್ಕವಳು ಹೇಳಿದ ಹಾಗೇ ಆಯ್ತು" ಎಂದು ಹೇಳುತ್ತಿದ್ದಳು.

ಪಾಚಿಯಮ್ಮ ಮೈಕಿನ ಮುಂದೆ ನಿಂತಳು.

"ಹಡಗುಗಳು ತಂದಿಲ್ಲ," ಎಂದಳು. "ನಾನು ತಂದೆ. ನನ್ನ ಲ್ಯಾಬಿನ ಸಿಂಕಿನಿಂದ ಹೋಯ್ತು."

ಯಾರೋ ನಕ್ಕರು. ಹಿಂದಿನಿಂದ ಒಬ್ಬ ಕೂಗಿದ: "ಹಡಗಿನವರು ಎಷ್ಟು ತಿನ್ನಿಸಿದ್ರು ಮೇಡಂ?"

ಹಡಗಿನ ವಕೀಲ ಗಾಬರಿಯಿಂದ ಎದ್ದುನಿಂತು, "ನಾವು ಏನೂ ಕೊಟ್ಟಿಲ್ಲ, ಪ್ರಮಾಣವಾಗಿ!" ಎಂದ. ಅಲ್ಲಿಯವರೆಗೆ ಅನುಮಾನವಿಲ್ಲದವರಿಗೂ ಆಗ ಖಾತ್ರಿಯಾಯಿತು. "ನೋಡಿ, ನೋಡಿ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!" ಕಟ್ಟೆಯೇ ಹೊತ್ತಿ ಉರಿಯಿತು. ಮೀನಿನ ಬುಟ್ಟಿಯೊಂದು ಹಾರಿ ಬಂದು ಏಜೆಂಟಿನ ತಲೆಗೆ ಟೋಪಿಯಂತೆ ಕೂತಿತು.

ಪಾಚಿಯಮ್ಮ ಇದೊಂದನ್ನು ಎಣಿಸಿರಲಿಲ್ಲ. ಕಲ್ಲು ಎಸೆಯುತ್ತಾರೆ ಎಂದುಕೊಂಡಿದ್ದಳು, ಉಗಿಯುತ್ತಾರೆ ಎಂದುಕೊಂಡಿದ್ದಳು; ನಂಬುವುದೇ ಇಲ್ಲ ಎಂದುಕೊಂಡಿರಲಿಲ್ಲ. ತನ್ನ ತಪ್ಪನ್ನು ತಾನೇ ವಾದ ಮಾಡಿ ಗೆಲ್ಲಬೇಕಾಗಿ ಬಂತು. ಪರದೆ ಬಿಡಿಸಿದಳು. ಮೊದಲು ಪುಟ್ಟಿಯ ಚಿತ್ರ, ಆಮೇಲೆ ಕೊಲ್ಲಿಯ ನೀರಿನ ಚಿತ್ರ, ಆಮೇಲೆ ಪೈಪಿನ ಬಾಯಿಯ ಕೆಸರು. ಯಾರಾದರೂ "ಕಡಲಲ್ಲಿ ಕೋಟಿ ಪಾಚಿ, ನಿಮ್ದೇ ಅಂತ ಏನು ಗ್ಯಾರಂಟಿ?" ಎಂದರೆ ಮಚ್ಚೆ ತೋರಿಸಿದಳು. "ಬ್ಲೀಚ್ ಹಾಕ್ತಿದ್ರಿ ತಾನೇ?" ಎಂದರೆ ತನ್ನದೇ ಪೇಪರು ತೋರಿಸಿದಳು. ಅನುಮಾನ ಎದ್ದಲ್ಲೆಲ್ಲ ಅದರ ಕತ್ತು ಹಿಡಿದು ಕೂರಿಸಿದಳು. ಅವಳು ಕೊಟ್ಟ ಸಾವಿರ ಉಪನ್ಯಾಸಗಳಲ್ಲಿ ಇಷ್ಟು ತಿಳಿಯಾದದ್ದು, ಇಷ್ಟು ಗಟ್ಟಿಯಾದದ್ದು ಇನ್ನೊಂದಿರಲಿಲ್ಲ. ವಂಶಾವಳಿ ಗೋಡೆಗೊರಗಿ ನಿಂತಿದ್ದ. ಯಾರೋ ಅವನ ಕಡೆ ತಿರುಗಿ "ಹೌದಾ ಸಾರ್?" ಎಂದಾಗ ತಲೆ ತಗ್ಗಿಸಿ "ಹೌದು" ಎಂದ. ಆ ಒಂದು ಮಾತಿಗೆ ಕಟ್ಟೆ ತಣ್ಣಗಾಯಿತು.

ಆಗ ಅಕ್ಕ ಎದ್ದಳು.

ಅವಳು ಮೊದಲ ಮಾತಿಗೇ ನಂಬಿದ್ದಳು. ಚಿಕ್ಕಂದಿನಲ್ಲಿ ತಂಗಿ ಲೋಟ ಒಡೆದು ಬಂದು ಬಾಗಿಲಲ್ಲಿ ನಿಂತರೆ ಮುಖ ನೋಡಿಯೇ ಯಾವ ಲೋಟ ಎಂದು ಹೇಳುತ್ತಿದ್ದವಳು. ಸಭೆ ಪೂರ್ತಿ ಅವಳು ಪರದೆ ನೋಡಿರಲಿಲ್ಲ, ತಂಗಿಯ ಮುಖ ನೋಡಿದ್ದಳು.

"ಅದು ಸಾಯಲ್ಲ ಅಂತ ಕಂಡುಹಿಡಿದವಳು ನೀನೇ ಅಲ್ವೇನೇ?"

"ಹೌದಕ್ಕ."

"ಆ ಕಾಗದಕ್ಕೆ ಕಟ್ಟು ಹಾಕ್ಸಿ ಗೋಡೆಗೆ ತೂಗುಹಾಕಿದ್ದೀನಲ್ಲೇ. ಒಂದಕ್ಷರ ಅರ್ಥ ಆಗದಿದ್ರೂ ದಿನಾ ಧೂಳು ಒರೆಸ್ತೀನಿ. ಅದನ್ನ ಬರೆದ ಮೇಲೂ ಚೆಲ್ಲಿದ್ಯಾ?"

"ಚೆಲ್ಲಿದೆ. ಹೊಳೀಲಿಲ್ಲ ಅಕ್ಕ."

"ಹೊಳೀಲಿಲ್ಲ!" ಅಕ್ಕ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. "ಇನ್ನೂ ಎಷ್ಟಿದೆ ಅಲ್ಲಿ?"

"ಕೆಸರು ತುಂಬಾ ಇದೆ. ಕಾವು ಏರಿದಾಗೆಲ್ಲ ಏಳುತ್ತೆ. ನಾವು ಹೋದ ಮೇಲೂ ಇರುತ್ತೆ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ ಎಂದು ಕಟ್ಟೆಯ ಜನ ಕಾದರು. ಒರೆಸಿಕೊಳ್ಳಲಿಲ್ಲ. "ನಡಿ," ಎಂದಳು. "ನಿಮ್ಮ ಭಾವಂಗೆ ನೀನೇ ಹೇಳು. ಆ ಕೆಲಸ ನನ್ನ ಕೈಲಿ ಆಗಲ್ಲ."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕಂಡಕ್ಟರು ಅಂದು ಯಾವ ಕಾರಣವನ್ನೂ ಹರಿದು ಕೊಡಲಿಲ್ಲ, ಸುದ್ದಿ ಬಸ್ಸಿಗಿಂತ ಮೊದಲೇ ಓಡಿತ್ತು. ಅಕ್ಕ ತನ್ನ ಟಿಕೆಟ್ಟನ್ನು ಮಾತ್ರ ತಾನು ತೆಗೆದುಕೊಂಡಳು. ಹುಟ್ಟಿದಾಗಿನಿಂದ ಅವಳು ತಂಗಿಯ ಟಿಕೆಟ್ಟು ತೆಗೆಯದೆ ಬಸ್ಸು ಹತ್ತಿದ್ದು ಅದೇ ಮೊದಲು. ಪಾಚಿಯಮ್ಮನಿಗೆ ಆ ಚೂರು ಕಾಗದ ಕೈಗೆ ಬರದೇ ಹೋದದ್ದು ಬುಟ್ಟಿಗಿಂತ, ಕಲ್ಲಿಗಿಂತ ಬಲವಾಗಿ ಬಡಿಯಿತು.

ಭಾವ ದಿಂಬಿಗೊರಗಿ ಕೂತಿದ್ದ. ಮಾತು ಇನ್ನೂ ಬಾಯಿಯ ಒಂದೇ ಕಡೆಯಿಂದ ಬರುತ್ತಿತ್ತು. ಪಾಚಿಯಮ್ಮ ನಿಂತುಕೊಂಡೇ ಎಲ್ಲ ಹೇಳಿದಳು, ಪರದೆ ಇಲ್ಲ, ಚಿತ್ರ ಇಲ್ಲ.

"ನಾನು ಎಲ್ಲರಿಗೂ ಹೇಳ್ತಿದ್ದೆ," ಎಂದ ಭಾವ, ಒಂದೊಂದೇ ಮಾತು ಕಿತ್ತು ತೆಗೆಯುತ್ತ. "ನಮ್ಮ ನಾದಿನಿ ಇರೋವರೆಗೆ ನಮ್ಮ ಕೊಲ್ಲಿಗೆ ಏನೂ ಬರಲ್ಲ ಅಂತ."

ಪಾಚಿಯಮ್ಮ ಜಾರಿದ್ದ ಹೊದಿಕೆಯನ್ನು ಅವನ ಕಾಲಿನ ಮೇಲೆ ಎಳೆದಳು.

"ಹಾಗಾದ್ರೆ ಕೇಸು?" ಎಂದ ಭಾವ. "ಹಗ್ಗ ಎಲ್ಲ ಕತ್ತರಿಸಿ ಹಾಕ್ಬೇಕು. ಪರಿಹಾರ ಯಾರ ಹತ್ರ ಕೇಳೋದು?"

"ಇವಳ ಹತ್ರ," ಎಂದಳು ಅಕ್ಕ. "ಇವಳು, ಇವಳ ಸಂಸ್ಥೆ. ಚಿಪ್ಪಿನವರ ಪರವಾಗಿ ಮೊದಲನೇ ರುಜು ನಂದು."

ಪಾಚಿಯಮ್ಮ ಅಕ್ಕನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಅಕ್ಕ ಹೀಗೆ ಬೆದರಿಸಿ ಆಮೇಲೆ ನಕ್ಕುಬಿಡುತ್ತಿದ್ದಳು. ನಗುವಿಗಾಗಿ ಕಾದಳು. ಅಕ್ಕ ನಗಲಿಲ್ಲ. ಮಂಚದ ಪಕ್ಕದ ಡ್ರಾಯರು ಎಳೆದು, ಆಸ್ಪತ್ರೆಯವರ ಬಿಳಿ ಹಾಳೆ ಒಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಕೇಸು ಹಾಕು ಅಕ್ಕ," ಎಂದಳು ತಂಗಿ. "ಆದ್ರೆ ಬರೀ ಸಿಂಕು ಅಂತ ಬರೀಬೇಡ, ಸಂಸ್ಥೆಯ ವಕೀಲ ಜಾರಿಕೊಳ್ತಾನೆ. ಮಲಗಿದ ಕಣ ಸಾಯಲ್ಲ ಅಂತ ಸಂಸ್ಥೆಗೆ ಮೊದಲೇ ಗೊತ್ತಿತ್ತು ಅಂತ ಹಾಕು. ಗೊತ್ತಿತ್ತು, ನಾನೇ ಹೇಳಿದ್ದೆ. ಅದು ಅವರನ್ನ ಕಟ್ಟಿಹಾಕುತ್ತೆ. ನನ್ನನ್ನೂ. ಪೈಪಿನ ಕೆಸರನ್ನ ನಮ್ಮ ಸಂಸ್ಥೆಯವರು ಬಳಿದು ಹಾಕೋ ಮೊದಲು ಕೋರ್ಟಿನವರು ಬಂದು ಮುದ್ರೆ ಹಾಕ್ಬೇಕು ಅಂತ ಕೇಳು. ಮಚ್ಚೆ ವಿಷಯ—"

"ನಿಧಾನ ಹೇಳೇ," ಎಂದಳು ಅಕ್ಕ, ಹಾಳೆಯಿಂದ ತಲೆಯೆತ್ತದೆ. "ಬರ್ಕೋಬೇಕಲ್ಲ."